ಉಪ

ನಾಮಪತ್ರಕ್ಕೆ ಒಂದೇ ರಾತ್ರಿ ಉಳಿದಿತ್ತು.
ಕೌಲ್ ಬಜಾರಿನ ಉದ್ದನೆಯ ಶೆಡ್ಡಿನಲ್ಲಿ
ನಲವತ್ತು ಮಷೀನು ಬಾಯಿ ಮುಚ್ಚಿ ಕೂತಿದ್ದವು.
ಕಟಿಂಗ್ ಟೇಬಲ್ಲಿನ ಮೇಲಿನ ಜೀನ್ಸಿನ ಥಾನು ಸರಿಸಿ
ಮಂಡಕ್ಕಿ ಮಿರ್ಚಿಗೆ ಜಾಗ ಮಾಡಿದವನು ನಾನು.

ಹೊಲಿಗೆಯವರ ಸಂಘಕ್ಕೆ ಅಧ್ಯಕ್ಷ
ಎರ್ರಿಸ್ವಾಮಣ್ಣನೇ ಅನ್ನುವುದರಲ್ಲಿ ಮಾತಿರಲಿಲ್ಲ.
ಮಾತಿದ್ದದ್ದು ಪಕ್ಕದ ಹೆಸರಿನದು:
ಪೋಸ್ಟರಿನಲ್ಲಿ ಎಡಕ್ಕೆ, ಒಂದು ಬೆರಳು ಕೆಳಗೆ,
ಕೈ ಮುಗಿದು ನಿಲ್ಲುವವನದು.

'ಖಾಜಾಹುಸೇನ್?' ಅಂದರು.
ಮಿಲ್ಲರ್‌ಪೇಟೆಯ ಮುನ್ನೂರು ಓಟು ಅವನ ಜೇಬಿನಲ್ಲಿವೆ.
ಅಣ್ಣ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟ.
'ಜೇಬು ಅವನದೇ ಅಲ್ಲೇನೋ.
ನಾಳೆ ಬಟನ್ ಹಾಕ್ಕೊಂಡು ಕೂತ್ರೆ?'

'ವಾಷಿಂಗ್ ಯೂನಿಟ್ಟಿನ ತಿಪ್ಪೇರುದ್ರ?'
ದುಡ್ಡೈತೆ, ಎರಡು ಟೆಂಪೋ ಅದಾವೆ.
ಹಳ್ಳಕ್ಕೆ ನೀಲಿ ನೀರು ಬಿಟ್ಟು
ಪೇಪರಿನಲ್ಲಿ ಬಂದಿದ್ದೂ ಐತೆ.
'ಅವನ ಪಕ್ಕ ನಿಂತ್ರೆ ನನ್ನ ಅಂಗಿಗೂ ಬಣ್ಣ ಹತ್ತುತ್ತೆ.'

'ಬಟನ್ ಹಚ್ಚೋ ಹೆಣ್ಣುಮಕ್ಕಳ ಕಡೆಯಿಂದ ಹಂಪಮ್ಮ?'

ಸ್ವಲ್ಪ ಹೊತ್ತು ಯಾರೂ ಅಗಿಯಲಿಲ್ಲ.
ಹೋದ ವರ್ಷ ಬೋನಸ್ಸಿಗಾಗಿ
ಇದೇ ಶೆಡ್ಡಿಗೆ ಬೀಗ ಜಡಿದು
ಬೀಗದ ಕೈಯನ್ನು ಕುಪ್ಪಸದೊಳಗೆ ಇಟ್ಟುಕೊಂಡು
ಬಾಗಿಲಲ್ಲೇ ಬುತ್ತಿ ಬಿಚ್ಚಿ ಉಂಡವಳು ಅವಳು.
'ಒಳ್ಳೇ ಮಾತುಗಾರ್ತಿ' ಅಂದ ಯಾರೋ.
'ಹ್ಞೂಂ' ಅಂದ ಅಣ್ಣ. 'ನನಗಿಂತ.'
ಅಲ್ಲಿಗೆ ಆ ಹೆಸರು ಮುಗಿಯಿತು.

ಲೆಕ್ಕ ಬರೆಯುವ ಪಂಪಣ್ಣ ಮುದುಕ
ಕನ್ನಡಕ ಒರೆಸುತ್ತ ಕೇಳಿದ:
'ಸಿಟ್ಟು ಮಾಡ್ಕೋಬ್ಯಾಡಣ್ಣ,
ನಾಳೆ ನಿನಗೇನಾದ್ರೂ ಆದ್ರೆ?'
ಯುಗಾದಿಗೆ ಮುಂಚೆ ಎದೆಗೆ ಎರಡು ಸ್ಟೆಂಟು ಹಾಕಿಸಿಕೊಂಡು ಬಂದಿದ್ದ ಅಣ್ಣ.
ಗುಂತಕಲ್ಲಿನ ಕಡೆ ಹೋಗುವ ಗಾಡಿ ದೂರದಲ್ಲಿ ಕೂಗಿತು.
'ಬಿಡ್ತು ಅನ್ನು, ಬಿಡ್ತು ಅನ್ನು' ಅಂತ ಎಲ್ಲರೂ ಅವನ ಮೇಲೆ ಬಿದ್ದರು.
ಆ ಕುರ್ಚಿಯನ್ನು ಮಾಡಿಸಿದ್ದೇ
ಆ ಒಂದು ಪ್ರಶ್ನೆಗಾಗಿ ಅಂತ
ಒಬ್ಬರೂ ಅನ್ನಲಿಲ್ಲ.
ಮಂಡಕ್ಕಿಯ ತಳದಲ್ಲಿ ಶೇಂಗಾ ಹುಡುಕಿದರು.

ಆಗ ಅಣ್ಣನ ಕಣ್ಣು ನನ್ನ ಮೇಲೆ ಬಿತ್ತು.
ನಾನು ಟೇಬಲ್ ಒರೆಸುತ್ತಿದ್ದೆ.
'ಓಬಳೇಶಿ, ಎಷ್ಟು ವರ್ಷಾತು ನನ್ನ ಹತ್ರ?'
'ಹತ್ತೊಂಬತ್ತಣ್ಣ.'
'ಯಾರ ಜತೆಗಾದ್ರೂ ಜಗಳ?'
'ಇಲ್ಲಣ್ಣ.'
'ಎಷ್ಟು ಓಟು ಅದಾವೆ ನಿನ್ನ ಕೈಯಾಗೆ?'
'ನಂದೊಂದು.'
ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ.
ಸೀಮೆಸುಣ್ಣ ಇಸಕೊಂಡು
ಜೀನ್ಸಿನ ಚೂರೊಂದರ ಮೇಲೆ ನನ್ನ ಹೆಸರು ಬರೆದ,
ಜಾಡಿಸಿದರೆ ಉದುರುವ ಅಕ್ಷರದಲ್ಲಿ.

ಗುಗ್ಗರಹಟ್ಟಿಯಲ್ಲಿ ಮನೆ ಮುಟ್ಟುವಾಗ ಹನ್ನೊಂದು.
ಮಗಳು ವ್ಯಾಕರಣ ಬಾಯಿಪಾಠ ಮಾಡುತ್ತಿದ್ದಳು.
'ಉಪ ಅಂದ್ರೆ ಉಪಸರ್ಗ ಅಪ್ಪಾ,
ಒಂಟಿಯಾಗಿ ನಿಲ್ಲಲ್ಲ ಅದು.'
ಮಾರೆಕ್ಕ ರೊಟ್ಟಿ ಬುಟ್ಟಿ ಮುಂದಿಟ್ಟು ಕೇಳಿದಳು,
'ಅಲ್ಲಿ ಕೆಲಸ ಏನಂತೆ?'
'ಅಣ್ಣ ಇಲ್ಲದಾಗ ಇರೋದು.'
'ಇದ್ದಾಗ?'
'ಇಲ್ಲದಿರೋದು.'
'ಇಷ್ಟು ವರ್ಷ ಅದನ್ನೇ ಮಾಡಿದೀಯಲ್ಲ' ಅಂದಳು.
'ಸಂಬಳ ಏನಾದ್ರೂ ಕೂಡಿಸ್ತಾರಾ?'

ಅರವತ್ತೊಂದು ಓಟಿನಿಂದ ಗೆದ್ದೆವು.
ಹಂಪಮ್ಮ ಎದುರು ಗುಂಪಿನಿಂದ ನಿಂತು
ನನಗಿಂತ ಚೆನ್ನಾಗಿ ಮಾತಾಡಿ ಸೋತಳು.
ಫ್ಲೆಕ್ಸಿನವನು ಅಳತೆ ತಪ್ಪಿ
ನನ್ನ ಎಡ ಭುಜ ಕತ್ತರಿಸಿಬಿಟ್ಟಿದ್ದ.
ಮೋತಿ ಸರ್ಕಲ್ಲಿನಲ್ಲಿ ಎರಡು ವಾರ
ಒಂದೇ ಭುಜದಲ್ಲಿ ಕೈ ಮುಗಿದು ನಿಂತಿದ್ದೆ.

ಈಗ ಮತ್ತೆ ಅದೇ ಟೇಬಲ್ಲು, ಅದೇ ಕತ್ತರಿ.
ಬೆರಳ ಸಂದಿಯಲ್ಲಿ ಅದೇ ನೀಲಿ.
ನಲವತ್ತು ಮಷೀನು ಒಟ್ಟಿಗೆ ಓಡುವಾಗ
ಪಕ್ಕದವನು ಕೂಗಿದರೂ ಕೇಳುವುದಿಲ್ಲ ಇಲ್ಲಿ.
ಆದರೆ ಗಾಜಿನ ಕೋಣೆಯೊಳಗೆ
ಅಣ್ಣ ಕೆಮ್ಮಿದರೆ
ನನಗೆ ಬೇರೆಯಾಗಿ ಕೇಳಿಸುತ್ತದೆ.
ಕತ್ತರಿ ನಿಲ್ಲಿಸುತ್ತೇನೆ.
ಒಂದು, ಎರಡು, ಮೂರು.
ಕೆಮ್ಮು ನಿಂತ ಮೇಲೆ ಮತ್ತೆ ಶುರು ಮಾಡುತ್ತೇನೆ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಗೆರೆ ಸೊಟ್ಟ ಬರುತ್ತಿದೆ.